ತೊಗರಿ ಬೇರು ಹೋದ ದಾರಿ

ಕೊಟ್ಟೂರಿನ ಹತ್ತಿರದ ಅರಸೀಕೆರೆಯ ಮಸಾರಿ ಹೊಲಗಳಲ್ಲಿ ಆ ವಾರ ನವಣೆ ಕೊಯ್ಲು ಮುಗಿದಿತ್ತು. ಕೆಂಪು ನೆಲದ ಮೇಲೆ ಗೇಣುದ್ದದ ಕೂಳೆ, ಅದರ ನಡುವೆ ಆರು ಸಾಲಿಗೊಂದು ತೊಗರಿ. ಮಳೆ ಹಿಂದೆ ಸರಿದು ಇಪ್ಪತ್ತಾರು ದಿನವಾಗಿತ್ತು. ಮಧ್ಯಾಹ್ನವಾದರೆ ತೊಗರಿ ಗಿಡಗಳು ಎಲೆ ಇಳಿಬಿಟ್ಟುಕೊಂಡು ಸೊರಗುತ್ತಿದ್ದವು. ಅನ್ನದಾನಮ್ಮನ ಹೊಲದ ಮೂಡಲ ಮೂಲೆಯ ಮೂವತ್ತು ಮೂವತ್ತೈದು ಗಿಡಗಳು ಮಾತ್ರ ಹಾಗಿರಲಿಲ್ಲ. ಅವು ಬೆಳಗ್ಗೆ ಹೇಗೋ ಮಧ್ಯಾಹ್ನವೂ ಹಾಗೇ, ಮೈತುಂಬ ಹಳದಿ ಹೂವು ಬಿಟ್ಟುಕೊಂಡು, ಜೇನು ಮುತ್ತಿಸಿಕೊಂಡು ನೆಟ್ಟಗೆ ನಿಂತಿರುತ್ತಿದ್ದವು.

ಇದು ತಸ್ಲೀಮಳ ನಿದ್ದೆ ಕೆಡಿಸಿತ್ತು. ಅವಳು ಕೊಟ್ಟೂರಿನ ಹುಡುಗಿ, ಸುಸ್ಥಿರ ಕೃಷಿ ಮತ್ತು ಪರಿಸರ ವಿಷಯದಲ್ಲಿ ಎಂಎಸ್ಸಿ ಎರಡನೆಯ ವರ್ಷ. ಅಕ್ಕಡಿ ಬೆಳೆ, ಅಂದರೆ ಒಂದೇ ಹೊಲದಲ್ಲಿ ಎರಡು ಮೂರು ಬೆಳೆ ಸಾಲು ಬಿಟ್ಟು ಬಿತ್ತುವ ಪದ್ಧತಿಯಲ್ಲಿ ಮಣ್ಣಿನ ತೇವ ಹೇಗೆ ಉಳಿಯುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಜುಲೈಯಿಂದ ಪ್ರತಿ ಮಂಗಳವಾರ ಸ್ಕೂಟಿಯಲ್ಲಿ ಇಲ್ಲಿಗೆ ಬಂದು, ತಿರುಪಿನಂಥ ಕಬ್ಬಿಣದ ಕೊರೆಗೋಲನ್ನು ನೆಲಕ್ಕೆ ತಿರುವಿ, ಮಣ್ಣು ತೆಗೆದು ಡಬ್ಬಿಗೆ ತುಂಬಿ ಒಯ್ಯುತ್ತಿದ್ದಳು. ಮೂಡಲ ಮೂಲೆಯ ಮಣ್ಣೂ ಉಳಿದ ಹೊಲದ ಮಣ್ಣಿನಷ್ಟೇ ಒಣಗಿದೆ ಎಂದು ಲೆಕ್ಕ ಹೇಳುತ್ತಿತ್ತು. ಗಿಡಗಳು ಬೇರೆಯೇ ಹೇಳುತ್ತಿದ್ದವು.

ಅವಳ ಮಾರ್ಗದರ್ಶಕಿ ಡಾಕ್ಟರ್ ಪುಷ್ಪಲತಾ. ಅವರಿಗೆ ಹೊಲದಿಂದಲೇ ಫೋನ್ ಮಾಡಿದಳು.

"ಅಳತೆ ತಪ್ಪಿರಬೇಕು ನೋಡಮ್ಮ," ಎಂದರು ಅವರು.

"ಮೂರು ಸಲ ತೆಗೆದು ನೋಡೀನಿ ಮೇಡಂ. ಮೂರಡಿ ಕೆಳಗೆ ಎಲ್ಲಾ ಕಡೆ ಒಂದೇ ತರ ಒಣಗೈತಿ."

"ಮೂರಡಿಗೇ ಯಾಕೆ ನಿಂತೆ?"

"ಅದರ ಕೆಳಗೆ ಗರಸು ಮೇಡಂ, ಕಲ್ಲಿನಂಥ ನೆಲ. ಕೊರೆಗೋಲು ಇಳಿಯಂಗಿಲ್ಲ."

"ನಿನ್ನ ಕೊರೆಗೋಲು ಇಳಿಯಲ್ಲ. ತೊಗರಿ ಇಳಿದಿದೆಯೋ ಇಲ್ಲವೋ, ಅದನ್ನ ಕೇಳಿದೆಯಾ?"

ಫೋನ್ ಇಟ್ಟ ಮೇಲೆ ತಸ್ಲೀಮ್ ಬಹಳ ಹೊತ್ತು ಆ ಗಿಡಗಳ ಬುಡದಲ್ಲೇ ಕುಳಿತಿದ್ದಳು. ಬೇರು ನೋಡಬೇಕು. ಎಳೆದು ಕಿತ್ತರೆ ಮುರಿಯುತ್ತದೆ. ನೆಲದೊಳಗೆ ಅದು ಹೇಗಿದೆಯೋ ಹಾಗೇ, ಅಲುಗಿಸದಂತೆ ಮೇಲಕ್ಕೆ ತರಬೇಕು. ಅದಕ್ಕೊಂದು ವಿಧಾನವಿದೆಯೆಂದು ಓದಿದ್ದಳು. ಆಳವಾದ ಗುಂಡಿ ತೋಡಿ, ಗಿಡದ ಪಕ್ಕದ ಗೋಡೆಗೆ ಮೈತುಂಬ ಮೊಳೆ ಹೊಡೆದ ಹಲಗೆ ಒತ್ತಿ, ಮಣ್ಣಿನ ಚಪ್ಪಡಿಯನ್ನು ಹಲಗೆಯ ಸಮೇತ ಕೊಯ್ದು ತೆಗೆಯುವುದು. ಆಮೇಲೆ ಮಣ್ಣು ತೊಳೆದರೆ ಬೇರುಗಳು ಮೊಳೆಗಳಿಗೆ ಆತುಕೊಂಡು ತಮ್ಮ ತಮ್ಮ ಜಾಗದಲ್ಲೇ ಉಳಿಯುತ್ತವೆ. ಪುಸ್ತಕದಲ್ಲಿ ಅದು ಅರ್ಧ ಪುಟ. ಅವಳ ಕಾಲೇಜಿನಲ್ಲಿ ಯಾರೂ ಅದನ್ನು ಮಾಡಿದ್ದನ್ನು ಅವಳು ಕೇಳಿರಲಿಲ್ಲ.

ಅನ್ನದಾನಮ್ಮನಿಗೆ ವಿಷಯ ತಿಳಿಸಿದಾಗ ಆಕೆ ನಕ್ಕಳು. ಐವತ್ತೆಂಟರ ಹೆಂಗಸು, ಮಾತು ಚುರುಕು, ಕೈ ಅದಕ್ಕಿಂತ ಚುರುಕು.

"ಗರಸಿನ್ಯಾಗ ಏನ್ ಇರ್ತೈತೆ ತಾಯಿ? ಹಾರಿ ಹಾಕಿದ್ರ ಕಿಡಿ ಹಾರ್ತೈತಿ. ಬೇರು ಅಲ್ಲೀತನ ಹೋಗಿ ಹಲ್ಲು ಮುರ್ಕಂಡು ವಾಪಸ್ ಬರ್ತಾವ."

"ಒಂದ್ಸಲ ನೋಡಾನ ದೊಡ್ಡಮ್ಮ. ಒಂದೇ ಗುಂಡಿ."

ಆಕೆಯ ಮೈದುನ ಯರ್ರೆಪ್ಪ ಬದುವಿನ ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಇಬ್ಬರ ಹೊಲವನ್ನೂ ಉಳುವವನು ಅವನೇ. ಅಕ್ಕಡಿ ಎಂದರೆ ಅವನಿಗೆ ಕಿರಿಕಿರಿ. ಈ ತೊಗರಿ ಕೊಯ್ದ ಮೇಲೆ ಟ್ರ್ಯಾಕ್ಟರಿನಿಂದ ಆಳ ನೇಗಿಲು ಹೊಡೆಸಿ, ಬರುವ ಮುಂಗಾರಿಗೆ ಎಲ್ಲ ಕಡೆ ಮೆಕ್ಕೆಜೋಳ ಹಾಕುವುದೆಂದು ತೀರ್ಮಾನಿಸಿದ್ದ.

"ಆಳುದ್ದ ಗುಂಡಿ ತಗದ್ರ ನಿಧಿ ತೆಗ್ಯಾಕ ಬಂದಾರ ಅಂತ ಊರಿಗೂರೇ ಬರ್ತೈತಿ," ಎಂದ. "ಆಮೇಲೆ ಯಾರು ಮುಚ್ಚೋರು?"

"ಮುಚ್ಚಿ ಕೊಡ್ತೀನಿ ಯರ್ರೆಪ್ಪಣ್ಣ."

"ನೀನು? ಈ ಕೈಯಾಗ?"

"ನನ್ನ ಪಾಲಿನ ಹೊಲ, ನನ್ನ ಪಾಲಿನ ಗರಸು," ಎಂದಳು ಅನ್ನದಾನಮ್ಮ. "ತೋಡ್ಲಿ ಬಿಡು."

ತಸ್ಲೀಮಳ ತಂದೆ ಹಸನ್ ಸಾಬರಿಗೆ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಗ್ಯಾರೇಜು. ಮೂವತ್ತು ವರ್ಷದಿಂದ ಲಾರಿ, ಟ್ರ್ಯಾಕ್ಟರುಗಳ ಎಂಜಿನ್ ಇಳಿಸಿ ಏರಿಸಿದವರು. ಮಗಳು ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ "ದೊಡ್ಡ ಓದು ಓದ್ತಾಳ್ರಿ" ಎಂದು ಹೇಳಿ ಸ್ಪ್ಯಾನರ್ ಹುಡುಕತೊಡಗುತ್ತಿದ್ದರು. ಮಣ್ಣಿನಲ್ಲಿ ಐದು ವರ್ಷ ಓದುವಂಥದ್ದು ಏನಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಕೇಳಲು ಸಂಕೋಚ.

ಅವತ್ತು ಸಂಜೆ ಗ್ಯಾರೇಜಿನಲ್ಲಿ ತಸ್ಲೀಮ್ ಆಯಿಲ್ ಫಿಲ್ಟರಿನ ರಟ್ಟಿನ ಡಬ್ಬಿ ಬಿಡಿಸಿ ಅದರ ಹಿಂದೆ ಹಲಗೆಯ ಚಿತ್ರ ಬರೆದಳು. ಅಗಲ ಮೂರಡಿ, ಉದ್ದ ಐದಡಿ. ಎರಡೆರಡು ಇಂಚಿಗೊಂದು ಮೊಳೆ.

ಹಸನ್ ಸಾಬರು ಕನ್ನಡಕ ಏರಿಸಿ ನೋಡಿದರು. "ಮೊಳೆ ಬ್ಯಾಡ ಬೇಟಿ. ದಪ್ಪ ಆಗ್ತಾವ, ಮಣ್ಣು ಸೀಳ್ತಾವ. ಸೈಕಲ್ ಸ್ಪೋಕ್ ಹಾಕಾನ."

"ಅಬ್ಬಾ, ಐನೂರ ನಲವತ್ತು ಬೇಕು."

"ಎಂಟು ಗಾಲಿ ಆತು. ಒಂದು ಕಡ್ಡಿ ಕತ್ತರಿಸಿದ್ರ ಎರಡು." ಅವರು ಚಿತ್ರದ ಮೇಲೆ ಬೆರಳಿಟ್ಟರು. "ಇದನ್ನ ಗ್ವಾಡಿಗೆ ಒತ್ತೋದು ಹೆಂಗ?"

"ಅದೇ ಗೊತ್ತಿಲ್ಲ. ಬಡಿದ್ರ ಮಣ್ಣು ಉದುರ್ತೈತಿ."

"ಜಾಕ್ ಹಾಕಿದ್ರ? ಗುಂಡಿಯ ಆ ಕಡಿ ಗ್ವಾಡಿಗೆ ಜಾಕಿನ ಬೆನ್ನು ಕೊಟ್ಟು, ಈ ಕಡಿ ಹಲಗಿ. ಮೆಲ್ಲಕ ತಿರುವಿದ್ರ ಬೆಣ್ಣಿಗೆ ಹೋದಂಗ ಹೋಗ್ತೈತಿ." ಹೇಳುತ್ತಾ ಹೇಳುತ್ತಾ ಅವರ ಮುಖ ಅರಳಿತು. ಮಗಳ ಓದಿನೊಳಗೆ ತಮಗೊಂದು ಬಾಗಿಲು ಇರಬಹುದೆಂದು ಅವರು ಅಂದುಕೊಂಡೇ ಇರಲಿಲ್ಲ.

ಗುಂಡಿ ತೋಡಲು ಎರಡು ದಿನ ಹಿಡಿಯಿತು. ಗೊಣಗುತ್ತಲೇ ಯರ್ರೆಪ್ಪ ಇಬ್ಬರು ಆಳುಗಳ ಜೊತೆ ತಾನೂ ಹಾರೆ ಹಿಡಿದ. ಮೂರಡಿಗೆ ಗರಸು ಸಿಕ್ಕಿತು. ಅನ್ನದಾನಮ್ಮ ಹೇಳಿದಂತೆ ಕಿಡಿಯೂ ಹಾರಿತು. ಆರಡಿಗೆ ನಿಲ್ಲಿಸಿದರು. ನಿಧಿ ನೋಡಲು ಊರಿನವರೂ ಒಂದಿಬ್ಬರು ಬಂದು, ತೊಗರಿ ಬೇರು ಎಂದು ತಿಳಿದ ಮೇಲೆ ತಲೆ ಕೊಡವಿಕೊಂಡು ಹೋದರು.

ಮೂರನೆಯ ದಿನ ಬೆಳಗ್ಗೆ ಹಸನ್ ಸಾಬರು ಟೆಂಪೋದಲ್ಲಿ ಬಂದರು. ಹಲಗೆ, ಜಾಕ್, ಎಂಜಿನ್ ಎತ್ತುವ ಚೈನ್, ಮೂರು ಕಬ್ಬಿಣದ ಕಂಬ, ಲಾರಿ ತೊಳೆಯುವ ವಾಟರ್ ಸರ್ವಿಸಿನ ಪಂಪು. ಗುಂಡಿಯ ಗೋಡೆಯನ್ನು ತಸ್ಲೀಮ್ ಕುಡುಗೋಲಿನಿಂದ ಸಪಾಟು ಮಾಡಿದ್ದಳು. ಜಾಕ್ ತಿರುಗಿದಂತೆ ಐನೂರ ನಲವತ್ತು ಕಡ್ಡಿಗಳು ಮೇಲಿನ ಮಣ್ಣಿನಲ್ಲಿ ಸದ್ದಿಲ್ಲದೆ, ಗರಸಿನಲ್ಲಿ ಕರಕರ ಎನ್ನುತ್ತಾ ಒಳಗಿಳಿದವು. ಹಿಂದಿನಿಂದ ತಂತಿಯಲ್ಲಿ ಕೊಯ್ದು, ಗರಸಿನಲ್ಲಿ ಉಳಿಯಿಂದ ಬಿಡಿಸಿ, ಚೈನಿನಲ್ಲಿ ಎತ್ತಿದಾಗ ನೆಲದ ಒಂದು ಹೋಳು, ಮೇಲೆ ಹೂವಿನ ಸಮೇತ ನಿಂತ ತೊಗರಿ ಗಿಡ, ನಿಧಾನವಾಗಿ ಬೆಳಕಿಗೆ ಬಂತು. ಆಳುಗಳು ತಮಗೇ ಗೊತ್ತಿಲ್ಲದಂತೆ ಎರಡು ಹೆಜ್ಜೆ ಹಿಂದೆ ಸರಿದರು.

ಆದರೆ ತೊಳೆಯುವಾಗ ಕೆಟ್ಟಿತು. ಹಸನ್ ಸಾಬರು ಪಂಪು ಚಾಲೂ ಮಾಡಿ ಗನ್ ಒತ್ತಿದರು. ಕೆಂಪು ನೀರು ಚಿಮ್ಮಿತು, ಮಣ್ಣಿನ ಜೊತೆಗೇ ನವಣೆಯ ಸಣ್ಣ ಬೇರುಗಳು ದಾರದ ತುಂಡುಗಳಂತೆ ಹಾರಿಹೋದವು.

"ಅಬ್ಬಾ, ನಿಲ್ಲಸ್ರೀ! ನಿಲ್ಲಸ್ರೀ!"

ಅವರು ನಿಲ್ಲಿಸುವಷ್ಟರಲ್ಲಿ ಹಲಗೆಯ ಅರ್ಧ ಬರಿದಾಗಿತ್ತು. ತೊಗರಿಯ ತಾಯಿಬೇರೂ ನಡುವೆ ತುಂಡಾಗಿತ್ತು. ಹಸನ್ ಸಾಬರು ಗನ್ ಕೈಯಲ್ಲೇ ಹಿಡಿದು ಮಗಳ ಮುಖ ನೋಡಿದರು.

"ಲಾರಿ ತೊಳಿಯೋ ಕೈ ಇದು ಬೇಟಿ," ಎಂದರು ಮೆಲ್ಲಗೆ. "ಬ್ಯಾರೆ ಏನೂ ತೊಳದು ಗೊತ್ತಿಲ್ಲ."

ತಸ್ಲೀಮಳಿಗೆ ಅಳು ಬಂದಿತ್ತು, ತಂದೆಯ ಮಾತಿಗೆ ಅದನ್ನು ನುಂಗಿಕೊಂಡಳು. "ಹಲಗಿ ಚೆನ್ನಾಗೈತಲ್ಲ ಅಬ್ಬಾ. ಪಕ್ಕದ ಗಿಡ ತಗಳ್ಳಾನ."

ಅಚ್ಚರಿಯೆಂದರೆ ಮುಂದಿನ ಉಪಾಯ ಯರ್ರೆಪ್ಪನ ಬಾಯಿಂದ ಬಂದದ್ದು. "ನಮ್ಮ ಔಷಧಿ ಹೊಡಿಯೋ ಪಂಪು ಐತಲ್ಲ, ಬೆನ್ನಿಗೆ ಹಾಕ್ಕಳೋದು. ಅದರ ನೀರು ಮಂಜು ಬಿದ್ದಂಗ ಬೀಳ್ತೈತಿ. ತೊಳದು ತರ್ತೀನಿ ತಡೀರಿ."

ಮರುದಿನ ಎರಡನೆಯ ಚಪ್ಪಡಿ ಎತ್ತಿ, ಹಲಗೆಯನ್ನು ಓರೆಯಾಗಿ ಒರಗಿಸಿ, ಪಕ್ಕದ ಹೊಲದ ಬೋರಿನಿಂದ ಕೊಡಗಳಲ್ಲಿ ನೀರು ತಂದರು. ಪಂಪು ಬೆನ್ನಿಗೇರಿಸಿದವನು ಯರ್ರೆಪ್ಪನೇ. ಬೆಳಗ್ಗೆ ಎಂಟಕ್ಕೆ ಶುರುವಾಯಿತು. ಹನಿಹನಿಯಾಗಿ ಬಿದ್ದ ನೀರಿಗೆ ಮಣ್ಣು ಮೆತ್ತಗಾಗಿ, ಕರಗಿ, ಕೆಂಪು ಎಳೆಯಾಗಿ ಇಳಿದುಹೋಗತೊಡಗಿತು. ಒಂದು ಗಂಟೆಗೆ ಅರ್ಧ ಅಡಿ. ಯಾರಿಗೂ ಅವಸರವಿರಲಿಲ್ಲ.

ಮೊದಲು ಕಂಡದ್ದು ನವಣೆ. ಕೂಳೆಯ ಬುಡದಿಂದ ಬಿಳಿ ಬೇರುಗಳು ಕೂದಲಿನಂತೆ ಇಳಿಬಿದ್ದಿದ್ದವು, ಒತ್ತೊತ್ತಾಗಿ, ಎಳೆ ಎಳೆಯಾಗಿ, ಎಲ್ಲ ಒಂದೂವರೆ ಅಡಿಯೊಳಗೆ. ಆ ಒಂದೂವರೆ ಅಡಿಯಲ್ಲಿ ತೊಗರಿ ಬರೀ ಒಂದು ಕಡ್ಡಿ. ಹೆಚ್ಚು ಕವಲೂ ಇಲ್ಲ. ನವಣೆ ಎಲ್ಲಿ ಮುಗಿಯಿತೋ ಅಲ್ಲಿಂದ ತೊಗರಿ ಕೈ ಚಾಚಿತ್ತು. ಎಡಕ್ಕೆ, ಬಲಕ್ಕೆ, ಕೆಳಕ್ಕೆ, ಕವಲಿಗೆ ಕವಲು.

ಅನ್ನದಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನೋಡಲೇ ಯರ್ರೆಪ್ಪ. ಒಂದರ ಉಣ್ಣೋ ಗಂಗಾಳಕ್ಕ ಇನ್ನೊಂದು ಕೈ ಹಾಕಿಲ್ಲ. ಇಷ್ಟು ವರ್ಷ ಬಿತ್ತೀನಿ, ಒಳಗ ಹಿಂಗ ಪಾಲು ಮಾಡ್ಕಂಡಾವ ಅಂತ ಗೊತ್ತಾಗಿಲ್ಲ ನನಗ."

ಯರ್ರೆಪ್ಪ ಹಲಗೆಗೆ ಮುಖ ಹತ್ತಿರ ತಂದು ನೋಡುತ್ತಿದ್ದ. ಪಂಪಿನ ಹಿಡಿ ಒತ್ತುವುದನ್ನೂ ಮರೆತಿದ್ದ.

ಮಧ್ಯಾಹ್ನ ಎರಡರ ಹೊತ್ತಿಗೆ ಗರಸಿನ ಪದರಕ್ಕೆ ಬಂದರು. ಅಲ್ಲಿ ಕವಲುಬೇರುಗಳು ಗಟ್ಟಿ ನೆಲ ಮುಟ್ಟಿ, ಮೊಳಕೈ ಮಡಿಸಿದಂತೆ ಅಡ್ಡ ತಿರುಗಿದ್ದವು. ಹಲ್ಲು ಮುರಿದುಕೊಂಡು ವಾಪಸ್ ಬರುತ್ತವೆ ಎಂದದ್ದು ಅಷ್ಟರ ಮಟ್ಟಿಗೆ ಸುಳ್ಳಲ್ಲ. ಆದರೆ ತಾಯಿಬೇರು ತಿರುಗಿರಲಿಲ್ಲ. ಅದು ನೆಟ್ಟಗೆ ಗರಸಿನೊಳಗೆ ಹೋಗಿತ್ತು. ತಸ್ಲೀಮ್ ಬಗ್ಗಿ, ಮೆತ್ತನೆಯ ಕುಂಚದಿಂದ ಮಣ್ಣು ಸರಿಸಿ ನೋಡಿದಳು. ಬೇರಿನ ಸುತ್ತ ಗರಸಿರಲಿಲ್ಲ. ಹೆಬ್ಬೆರಳು ಹಿಡಿಸುವಷ್ಟು ಅಗಲದ ಒಂದು ಕೊಳವೆ, ಒಳಗೋಡೆಗೆ ಕಪ್ಪು ಪುಡಿ, ಸುಟ್ಟ ಕಾಗದದಂಥ ತೊಗಟೆಯ ಚೂರು. ಆ ಕೊಳವೆಯೊಳಗೆ ತೊಗರಿ ಬೇರು ಆರಾಮಾಗಿ ಇಳಿದಿತ್ತು. ಅದರ ಮೈಗೆ ಮೈ ತಾಗಿಸಿ ಪಕ್ಕದ ಗಿಡದ ಇನ್ನೆರಡು ಎಳೆ ಬೇರುಗಳೂ ಬಂದು ಸೇರಿದ್ದವು. ಸುತ್ತ ಜೇಡರ ಬಲೆಗಿಂತ ತೆಳುವಾದ ಬಿಳಿ ಶಿಲೀಂಧ್ರದ ಎಳೆಗಳು.

ತಸ್ಲೀಮ್ ಕುಂಚ ಕೆಳಗಿಟ್ಟಳು.

"ಇದು ಇದರ ದಾರಿ ಅಲ್ಲ," ಎಂದಳು. "ಇದು ಬ್ಯಾರೆ ಬೇರಿನ ದಾರಿ. ಯಾವುದೋ ದೊಡ್ಡ ಮರದ್ದು. ಬೇರು ಸತ್ತು, ಕೊಳತು, ಪುಡಿ ಆಗೈತಿ. ದಾರಿ ಹಂಗೇ ಉಳದೈತಿ. ದೊಡ್ಡಮ್ಮ, ಇಲ್ಲಿ ಮೊದಲು ಏನಾದ್ರೂ ಮರ ಇತ್ತೇನು?"

"ಇಲ್ಲಿ ಎಲ್ಲಿ ಮರ? ಬರೇ ಹೊಲ," ಎಂದಳು ಅನ್ನದಾನಮ್ಮ. ಆಮೇಲೆ ಹುಬ್ಬು ಗಂಟಿಕ್ಕಿ ಹೊಲದ ಉದ್ದಗಲ ನೋಡಿದಳು. ಎದ್ದು ನಾಲ್ಕು ಹೆಜ್ಜೆ ಹೋಗಿ ನಿಂತಳು. "ತಡಿ ತಡಿ. ನಾನು ಮದುವಿ ಆಗಿ ಬಂದಾಗ ಇಲ್ಲೊಂದು ಬನ್ನಿ ಗಿಡ ಇತ್ತು. ನಮ್ಮ ಅತ್ತಿ ದಸರಾಕ್ಕ ಇಲ್ಲೇ ಪೂಜಿ ಮಾಡ್ತಿದ್ಲು. ನನ್ನ ಎರಡನೇ ಬಾಣಂತನದ ವರ್ಷ ಗಾಳಿಗೆ ಬಿತ್ತು. ಬುಡ ಕಿತ್ತು ಸಾಲು ಹೊಡದ್ರು. ಯರ್ರೆಪ್ಪ, ನಿನಗ ನೆಪ್ಪೈತೇನು?"

"ನಾನು ಅದರ ಮ್ಯಾಲೆ ಹತ್ತಿ ಬಿದ್ದೀನಲ್ಲ ಅತ್ತಿಗಿ," ಎಂದ ಯರ್ರೆಪ್ಪ ಮೊಳಕೈಯ ಹಳೆಯ ಗಾಯದ ಗುರುತು ತೋರಿಸಿ. "ಮೂವತ್ತಾರು ಮೂವತ್ತೇಳು ವರ್ಷ ಆತು."

ಮೂವತ್ತೇಳು ವರ್ಷದ ಹಿಂದೆ ಬಿದ್ದ ಮರ. ಅದರ ಕಟ್ಟಿಗೆ ಒಲೆಯಲ್ಲಿ ಉರಿದು, ಬೂದಿಯಾಗಿ, ಆ ಬೂದಿಯಲ್ಲಿ ತಿಕ್ಕಿದ ಪಾತ್ರೆಗಳೂ ಈಗ ಇರಲಿಲ್ಲ. ನೆಲದೊಳಗೆ ಅದು ಕೊರೆದ ದಾರಿ ಮಾತ್ರ ಇನ್ನೂ ತೆರೆದಿತ್ತು. ಪ್ರತಿ ವರ್ಷ ಬಿತ್ತಿದ ತೊಗರಿ, ಕಣ್ಣಿಲ್ಲದ ಬೇರುತುದಿಯಿಂದ ತಡವಿ ತಡವಿ, ಆ ಬಾಗಿಲು ಹುಡುಕಿಕೊಂಡು ಇಳಿದಿತ್ತು. ಮಳೆಯ ನೀರೂ ಅಲ್ಲಿಂದಲೇ ಇಳಿದಿರಬೇಕು.

"ಸುಭಾನಲ್ಲಾ," ಎಂದರು ಹಸನ್ ಸಾಬರು. ಟೋಪಿ ಸರಿಮಾಡಿಕೊಂಡರು.

ಚಪ್ಪಡಿ ಐದಡಿಗೆ ಮುಗಿದಿತ್ತು. ಬೇರು ಮುಗಿದಿರಲಿಲ್ಲ. ಅದು ಹಲಗೆಯ ಕೆಳ ಅಂಚಿನಲ್ಲಿ ಕೊಯ್ದ ತುದಿಯಾಗಿ ಕಾಣುತ್ತಿತ್ತು. ಯರ್ರೆಪ್ಪ ಪಂಪು ಕೆಳಗಿಟ್ಟು ಗುಂಡಿಗೆ ಇಳಿದ. ಹಾರೆ ಕೊಡಲು ಹೋದ ಆಳಿಗೆ ಬೇಡವೆಂದು ಕೈಯಾಡಿಸಿ, ಹಸನ್ ಸಾಬರ ಪೆಟ್ಟಿಗೆಯಿಂದ ಒಂದು ಸ್ಕ್ರೂ ಡ್ರೈವರ್ ಕೇಳಿ ಪಡೆದ. ಮೊಣಕಾಲೂರಿ, ಕಪ್ಪು ಕೊಳವೆಯ ಪಕ್ಕದ ಗರಸನ್ನು ಚೂರುಚೂರಾಗಿ ಬಿಡಿಸತೊಡಗಿದ. ಆರಡಿ. ಬೇರು ಇತ್ತು. ಆರೂವರೆ. ಇತ್ತು. ಬೆವರು ಕಣ್ಣಿಗಿಳಿದರೂ ಅವನು ಮೇಲೆ ನೋಡಲಿಲ್ಲ. ಏಳಡಿ ದಾಟಿದ ಮೇಲೆ ಕೈ ನಿಲ್ಲಿಸಿ, ಬೆರಳನ್ನು ಕೊಳವೆಯೊಳಗೆ ಇಟ್ಟು ಹಾಗೇ ಕುಳಿತ.

"ಏನಾತು?" ಅನ್ನದಾನಮ್ಮ ಬಗ್ಗಿದಳು.

"ಅತ್ತಿಗಿ, ತಣ್ಣಗೈತಿ." ಅವನು ಒಂದು ಚಿಟಿಕೆ ಮಣ್ಣು ಹಿಂಡಿ ಎತ್ತಿ ತೋರಿಸಿದ. ಅದು ಉಂಡೆಯಾಗಿ ನಿಂತಿತು. "ಹಸಿ ಐತಿ. ತಿಂಗಳು ಆತು ಮಳಿ ಹೋಗಿ, ಇಲ್ಲಿ ಹಸಿ ಐತಿ. ಬೇರು ಇನ್ನೂ ಕೆಳಗ ಹೋಗೈತಿ."

"ಸಾಕು, ಮ್ಯಾಲೆ ಬರ್ರಿ ಅಣ್ಣ. ಗ್ವಾಡಿ ಕುಸಿದ್ರ ಕಷ್ಟ," ಎಂದಳು ತಸ್ಲೀಮ್.

"ತುದಿ ನೋಡಬೇಕಲ್ಲ?"

"ತುದಿ ಸಿಗಂಗಿಲ್ಲ. ಬರ್ರಿ."

ಅವನು ಮನಸ್ಸಿಲ್ಲದೆ ಮೇಲೆ ಬಂದ. ಅನ್ನದಾನಮ್ಮ ಅವನಿಗೆ ನೀರು ಕೊಡುವ ಮೊದಲು ಚೊಂಬಿನಿಂದ ಒಂದಿಷ್ಟನ್ನು ಆ ಗುಂಡಿಯ ಅಂಚಿಗೆ ಹೊಯ್ದಳು.

ಫೋಟೋ ನೋಡಿದ ಪುಷ್ಪಲತಾ ಮರುದಿನವೇ ಬಂದರು. ದಾರಿಯುದ್ದಕ್ಕೂ ಮಾತಾಡುತ್ತಾ ಬಂದವರು ಮೊದಲು ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಹೆಂಗಸು. ಸೀರೆ ಎತ್ತಿಕಟ್ಟಿ, ಏಣಿ ಇಟ್ಟುಕೊಂಡು ಗುಂಡಿಗಿಳಿದು, ಕೊಳವೆಯ ಕಪ್ಪು ಗೋಡೆಗೆ ಬೆರಳು ತಾಗಿಸಿದರು.

"ಇದನ್ನ ಪಾಠದಲ್ಲಿ ಹೇಳ್ತೀನಿ ತಸ್ಲೀಮ್," ಎಂದರು ಒಳಗಿನಿಂದಲೇ. "ಪ್ರತಿ ವರ್ಷ ಹೇಳ್ತೀನಿ. ಹಳೇ ಬೇರಿನ ದಾರಿಯಲ್ಲಿ ಹೊಸ ಬೇರು ಹೋಗುತ್ತೆ ಅಂತ. ಕಣ್ಣಾರೆ ನೋಡಿರಲಿಲ್ಲ." ಏಣಿ ಹತ್ತಿ ಮೇಲೆ ಬಂದು, "ಅಳತೆ ತಪ್ಪಿರಬೇಕು ಅಂದೆ ನೋಡು. ಅದನ್ನ ಮನಸ್ಸಿಗೆ ಹಚ್ಚಿಕೋಬೇಡ," ಎಂದರು.

ಒಂದು ಗುಂಡಿ ಸಾಲದು, ಇನ್ನೂ ಎರಡು ಬೇಕು, ಬನ್ನಿ ಇಲ್ಲದ ಜಾಗದಲ್ಲೂ ನೋಡಬೇಕು ಎಂದು ಅವರು ಹೇಳಿದಾಗ ತಸ್ಲೀಮ್ ಯರ್ರೆಪ್ಪನ ಕಡೆ ನೋಡಿದಳು. ಅವನು ಆಗಲೇ ಹಾರೆ ಎತ್ತಿಕೊಂಡಿದ್ದ. ಬೇರೆ ಕಡೆ ತೋಡಿದ ಗುಂಡಿಯಲ್ಲಿ ಬೇರುಗಳು ಗರಸಿನ ಮೇಲೆಯೇ ಮಡಚಿ ನಿಂತಿದ್ದವು. ಮೂಡಲ ಮೂಲೆಯಲ್ಲೇ ತೋಡಿದ ಇನ್ನೊಂದರಲ್ಲಿ ಮತ್ತೆರಡು ಕಪ್ಪು ಕೊಳವೆಗಳು ಸಿಕ್ಕವು, ಎರಡರಲ್ಲೂ ತೊಗರಿ.

ಜನವರಿಯಲ್ಲಿ ತೊಗರಿ ಕೊಯ್ದರು. ಯರ್ರೆಪ್ಪ ಎರಡೂ ಪಾಲಿಗೆ ಟ್ರ್ಯಾಕ್ಟರ್ ಹೊಡೆಸಿದ, ಮೆಕ್ಕೆಜೋಳದ ಆಸೆ ಅವನು ಬಿಟ್ಟಿರಲಿಲ್ಲ. ಮೂಡಲ ಮೂಲೆಗೆ ಬಂದಾಗ ಮಾತ್ರ ಡ್ರೈವರಿಗೆ ಕೈ ಅಡ್ಡ ಹಿಡಿದನಂತೆ. "ಇಲ್ಲಿ ನೇಗಿಲು ಎತ್ತಪ್ಪ. ಕೆಳಗ ದಾರಿ ಅದಾವ," ಎಂದನೆಂದು ಅನ್ನದಾನಮ್ಮ ಫೋನಿನಲ್ಲಿ ಹೇಳಿ ನಕ್ಕಳು. ಬದುವಿನ ಮೇಲೆ ಎರಡು ಬನ್ನಿ ಸಸಿ ಇಟ್ಟಿರುವುದನ್ನು ಕೊನೆಗೆ, ದೊಡ್ಡ ವಿಷಯವಲ್ಲ ಎಂಬಂತೆ ಸೇರಿಸಿದಳು.

ಹಲಗೆ ಕೊಟ್ಟೂರಿನ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿತ್ತು. ತಸ್ಲೀಮ್ ಮೂರು ವಾರ ಅದರ ಮುಂದೆ ಕೂತು, ಚೌಕ ಚೌಕವಾಗಿ ಬೇರಿನ ಉದ್ದ ಅಳೆದಳು. ಗ್ರೀಸಿನ ಕೈಯಲ್ಲೇ ಹಸನ್ ಸಾಬರು ಆಗಾಗ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಈಗೀಗ ಗಿರಾಕಿಗಳನ್ನೂ ಕರೆದು ತೋರಿಸುತ್ತಿದ್ದರು. ನವಣೆ ಎಲ್ಲಿ ನಿಂತಿದೆ, ತೊಗರಿ ಎಲ್ಲಿ ಕೈ ಚಾಚಿದೆ, ಎಲ್ಲ ಅವರ ಬಾಯಲ್ಲೇ.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದವರಿಗೆ ಅವಳು ಹೇಳಿದಳು, "ಅಬ್ಬಾ, ಲೆಕ್ಕ ಮುಗೀತು. ಈ ಒಂದು ಹಲಗಿಯೊಳಗ ಇರೋ ಬೇರು ಎಲ್ಲಾ ಬಿಡಿಸಿ ಉದ್ದಕ್ಕ ಇಟ್ರ ನಾನೂರ ಎಂಬತ್ತು ಮೀಟರ್."

"ಮೀಟರಾ? ಸೆಂಟಿಮೀಟರ್ ಇರಬೇಕು ನೋಡು."

"ಮೀಟರ್ ಅಬ್ಬಾ. ಅರ್ಧ ಕಿಲೋಮೀಟರ್ ಹತ್ರ. ಕೆಳಗ ಹೋಗಿದ್ದು ಬಿಟ್ಟು."

ಹಸನ್ ಸಾಬರು ಹಲಗೆಯನ್ನು ನೋಡಿದರು. ಮೂರಡಿ ಅಗಲ, ಐದಡಿ ಉದ್ದ, ನಾಲ್ಕು ಬೆರಳು ದಪ್ಪ. ಆಮೇಲೆ ಹೊರಗೆ ರಸ್ತೆ ನೋಡಿದರು. ಚಪ್ಪಲಿ ಮೆಟ್ಟಿ ಇಳಿದರು. ಗ್ಯಾರೇಜಿನ ಗೇಟಿನಿಂದ ಹೆಜ್ಜೆ ಎಣಿಸುತ್ತಾ, ಹಣ್ಣಿನ ಗಾಡಿ, ಮೊಬೈಲ್ ಅಂಗಡಿ, ಗೊಬ್ಬರದ ಅಂಗಡಿ ದಾಟಿ ಹೊರಟರು. ಎದುರಾದವರ ಸಲಾಮಿಗೆ ಕೈ ಎತ್ತಿದರೇ ಹೊರತು ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತ ತಸ್ಲೀಮಳಿಗೆ ಅವರ ಬಿಳಿ ಟೋಪಿ ಸಣ್ಣದಾಗುತ್ತಾ ಹೋಗುವುದು ಕಂಡಿತು. ದೂರದಲ್ಲಿ, ರಸ್ತೆ ತಿರುಗುವ ಕಡೆ, ಅವರು ನಿಂತು ಹಿಂದಿರುಗಿ ನೋಡಿದರು. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ. ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ನಡೆದು ಬಂದ ರಸ್ತೆಯನ್ನು ನೋಡುತ್ತಾ ಅವರು ಅಲ್ಲೇ ನಿಂತಿದ್ದರು.